ಎಡಗಿವಿಯ ಬಳಿ ಕೂತಿದ್ದವನು

ನಾನು ಹೇಗೆ ಬಿದ್ದೆ ಎಂದು ಕೇಳಿದವರಿಗೆಲ್ಲ ಸುಮಾರು ಒಂದು ವರ್ಷ ಒಂದೇ ಉತ್ತರ ಕೊಟ್ಟಿದ್ದೇನೆ. ಅವಸರದಲ್ಲಿದ್ದೆ, ಏಣಿಯನ್ನು ಪರೀಕ್ಷಿಸಲಿಲ್ಲ, ಅರ್ಧ ಹತ್ತಿದ ಮೇಲೆ ಮೆಟ್ಟಿಲು ಹಿಡಿದಿದ್ದ ಕೈ ಜಾರಿತು, ಎಡಗಾಲು ತಪ್ಪಿತು, ಬಿದ್ದೆ. ಡಾಕ್ಟರಿಗೆ, ಹೆಂಡತಿಗೆ, ಅಣ್ಣನಿಗೆ, ಹಣ್ಣು ಹಿಡಿದುಕೊಂಡು ನೋಡಲು ಬಂದ ನೆಂಟರಿಗೆ, ಎಲ್ಲರಿಗೂ ಇದೇ ಮಾತು, ಇದೇ ಕ್ರಮದಲ್ಲಿ. ಒಂದು ಪದವೂ ಆಚೀಚೆ ಆಗುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಬಾಯಿಪಾಠವಾಗಿದ್ದರಲ್ಲೇ ಏನೋ ಐಬಿದೆ ಎಂದು ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ನಾನು ಹಡಗಿನ ಪೈಲಟ್ ಆಗಿದ್ದೆ. ಹಿರೀಸಾವೆ ಹತ್ತಿರದ ನಮ್ಮೂರಿನಲ್ಲಿ ಇವತ್ತಿಗೂ ನಾನು ವಿಮಾನ ಓಡಿಸುತ್ತಿದ್ದೆ ಎಂದೇ ನಂಬಿರುವವರಿದ್ದಾರೆ, ನಾನೂ ತಿದ್ದುವುದು ಬಿಟ್ಟಿದ್ದೇನೆ. ಹೊರದೇಶದ ಹಡಗೊಂದು ಬಂದರಿನ ಬಾಯಿಗೆ ಬಂದಾಗ ಅದರ ಕ್ಯಾಪ್ಟನ್ನಿಗೆ ಅಲ್ಲಿನ ಆಳ, ಸೆಳೆತ, ಮರಳುದಿಬ್ಬ ಗೊತ್ತಿರುವುದಿಲ್ಲ. ಗೊತ್ತಿರುವ ನಾವು ಲಾಂಚ್ ಎನ್ನುವ ಸಣ್ಣ ಮೋಟಾರು ದೋಣಿಯಲ್ಲಿ ಹೋಗಿ, ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಹಗ್ಗದ ಏಣಿ ಹತ್ತಿ, ಅದನ್ನು ಒಳಗೆ ತಂದು ನಿಲ್ಲಿಸುತ್ತೇವೆ. ಹತ್ತುವಾಗ ಹಡಗೂ ನಿಂತಿರುವುದಿಲ್ಲ, ಲಾಂಚೂ ನಿಂತಿರುವುದಿಲ್ಲ. ಕರಾವಳಿಯ ಒಂದು ಖಾಸಗಿ ಬಂದರಿನಲ್ಲಿ ಹದಿನಾಲ್ಕು ವರ್ಷ ಹೀಗೆ ಹತ್ತಿ ಇಳಿದಿದ್ದೇನೆ.

ಆ ದಿನದ ಬಗ್ಗೆ ನನಗೆ ನಿಜವಾಗಿ ನೆನಪಿರುವುದು ಲಾಂಚಿನಲ್ಲಿ ಕುಡಿದ ಚಹಾದವರೆಗೆ ಮಾತ್ರ. ಲಾಂಚ್ ನಡೆಸುವ ಮೋನಪ್ಪ ಶುಂಠಿ ಹೆಚ್ಚು ಹಾಕಿದ್ದ, ನಾನು ಗೊಣಗಿದೆ. ಅಲ್ಲಿಂದ ಮುಂದೆ ಆಸ್ಪತ್ರೆಯ ಚಾವಣಿ. ತಲೆಗೆ ಪೆಟ್ಟಾಗಿತ್ತು. ಎಡಗಿವಿ ಪೂರ್ತಿ ಕಿವುಡಾಗಿತ್ತು. ಎಡಭುಜ ಮತ್ತು ಮೂರು ಪಕ್ಕೆಲುಬು ಮುರಿದಿದ್ದವು. ಕರಾವಳಿಯ ಆಸ್ಪತ್ರೆಯಲ್ಲಿ ಎಷ್ಟೋ ದಿನ ಅರೆ ಎಚ್ಚರದಲ್ಲಿದ್ದೆನಂತೆ. ಆಮೇಲೆ ಹಾಸನಕ್ಕೆ ಕರೆತಂದರು, ಅಲ್ಲಿಂದ ಹೊಳೆನರಸೀಪುರದಲ್ಲಿರುವ ಹೆಂಡತಿಯ ತವರುಮನೆಗೆ.

ಮೂಳೆ ಕೂಡಿಕೊಂಡವು. ಕೂಡಿಕೊಳ್ಳದೇ ಉಳಿದದ್ದು ನೆಲ. ಸಮುದ್ರದ ಮೇಲೆ ಒಂದು ದಿನವೂ ತಲೆ ತಿರುಗದಿದ್ದ ನನಗೆ ಹೊಳೆನರಸೀಪುರದ ಸಿಮೆಂಟು ನೆಲ ಏಳುತ್ತಿತ್ತು, ಇಳಿಯುತ್ತಿತ್ತು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕು. ಅಲ್ಲಿನ ಒಬ್ಬ ಆಟೋದವನು ನನ್ನನ್ನು ಕೂರಿಸಿಕೊಂಡರೆ ಹಿಂದಿನವರು ಎಷ್ಟೇ ಹಾರನ್ ಹೊಡೆಯಲಿ, ನಡೆಯುವವರ ವೇಗದಲ್ಲೇ ಹೋಗುತ್ತಿದ್ದ. ಕಾಯಿಲೆಯ ದಿನಗಳಲ್ಲಿ ಅಂಥವರೇ ದೇವರು.

ಒಂದು ದನಿ ಕೇಳಿಸಲು ಶುರುವಾದದ್ದು ಹೊಳೆನರಸೀಪುರಕ್ಕೆ ಬಂದ ಮೂರನೆಯ ವಾರದಲ್ಲಿ. ಹಾಡುಹಗಲು, ಸಂಜೆ ನಾಲ್ಕರ ಹೊತ್ತು. ಬಿಸಿಲು ಹಜಾರದ ಅರ್ಧಕ್ಕೆ ಬಂದಿರುತ್ತಿತ್ತು. ಮಂಚದ ಎಡಗಡೆ ಯಾರೋ ಕುರ್ಚಿ ಎಳೆದುಕೊಂಡಂತಾಗುತ್ತಿತ್ತು. ಏನೂ ಕೇಳಿಸದ ಆ ಕಿವಿಯಲ್ಲೇ, ಬಲಗಿವಿಯಲ್ಲಲ್ಲ, ಬಹಳ ಮೆತ್ತಗಿನ, ಮರ್ಯಾದಸ್ಥರ ದನಿಯೊಂದು ಮಾತಾಡುತ್ತಿತ್ತು. "ಕೈ ಜಾರಿತು, ಅಲ್ವಾ ಸರ್? ಎಡಗಾಲು ತಪ್ಪಿತು, ಅಲ್ವಾ?" ಕತ್ತು ತಿರುಗಿಸಿದರೆ ಗೋಡೆ, ಕ್ಯಾಲೆಂಡರು, ಬಿಸಿಲು.

ಹೆದರಿಕೆಯಾಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚು ಹೆದರಿದವಳು ಭಾಗ್ಯ, ನನ್ನ ಹೆಂಡತಿ. ಅವಳಿಗೆ ದನಿ ಕೇಳಿಸುತ್ತಿರಲಿಲ್ಲ, ಅದಕ್ಕೆ ನಾನು ಕೊಡುತ್ತಿದ್ದ ಉತ್ತರ ಕೇಳಿಸುತ್ತಿತ್ತು. ನಾಲ್ಕು ಗಂಟೆಗೆ ಸರಿಯಾಗಿ, ಯಾರೂ ಇಲ್ಲದ ಕಡೆಗೆ ಮುಖ ಮಾಡಿ, ಪಾಠ ಒಪ್ಪಿಸುವ ಹುಡುಗನಂತೆ ನಾನು "ಹೂಂ, ಹೂಂ" ಅನ್ನುತ್ತಿದ್ದೆನಂತೆ. ಎಷ್ಟೋ ದಿನ ಅವಳು ಇದನ್ನು ನನಗೆ ಹೇಳಲೇ ಇಲ್ಲ. ಆದರೆ ನನ್ನ ಎಡಗಡೆ ಕೂರುವುದನ್ನು ಬಿಟ್ಟಳು. ಊಟದ ತಟ್ಟೆಯನ್ನೂ ಬಲಗಡೆಯಿಂದ ಬಂದು ಇಡುತ್ತಿದ್ದಳು.

ಹಾಸನದ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋಗಬೇಕಿತ್ತು. ಟೋಕನ್ ತೆಗೆದುಕೊಂಡು, ಕಬ್ಬಿಣದ ಕುರ್ಚಿಗಳ ಸಾಲಿನಲ್ಲಿ ಎರಡು ಮೂರು ಗಂಟೆ ಕಾಯುವುದು. ಅಲ್ಲಿ ಎಲ್ಲರೂ ಎಲ್ಲರ ಕಾಯಿಲೆ ವಿಚಾರಿಸುತ್ತಾರೆ, ಅದೊಂದು ಸಮಾಧಾನ. ಒಂದು ದಿನ ಶ್ರವಣಬೆಳಗೊಳದ ಕಡೆಯ ಹೆಂಗಸೊಬ್ಬರು, ತಲೆಗೆ ಶಾಲು ಸುತ್ತಿಕೊಂಡವರು, ನನ್ನ ಎಡಗಡೆಯ ಕುರ್ಚಿ ತೋರಿಸಿ, ಇಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದರು. ಇದ್ದಾರೆ ಎಂದೆ. ಆಕೆ ಪಾಪ, ಸರಿ ಎಂದು ಹೋಗಿ ಗೋಡೆಗೊರಗಿ ನಿಂತರು. ಮುಕ್ಕಾಲು ಗಂಟೆಯಾದರೂ ಆ ಕುರ್ಚಿಗೆ ಯಾರೂ ಬರಲಿಲ್ಲ. ಆಕೆ ಒಮ್ಮೆ ಕುರ್ಚಿಯನ್ನೂ ಒಮ್ಮೆ ನನ್ನನ್ನೂ ನೋಡಿ, ಮೆಲ್ಲಗೆ ಇನ್ನೂ ಆಚೆ ಸರಿದು ನಿಂತರು. ನನಗೆ ನಾಚಿಕೆಯಿಂದ ಸಾಯುವಂತಾಯಿತು, ಆದರೂ ಕುರ್ಚಿ ಖಾಲಿ ಇದೆ ಎಂದು ಹೇಳಲು ನಾಲಿಗೆ ಏಳಲಿಲ್ಲ.

ಡಾಕ್ಟರು ಒಳ್ಳೆಯವರು. ಕಿವಿ ಸತ್ತರೆ ಮೆದುಳು ಸುಮ್ಮನಿರುವುದಿಲ್ಲ, ಆ ಜಾಗವನ್ನು ತನ್ನ ಹತ್ತಿರ ಇರುವ ಯಾವುದಾದರೂ ಶಬ್ದದಿಂದ ತುಂಬುತ್ತದೆ, ಹೆದರಬೇಡಿ ಎಂದರು. ಆ ಶಬ್ದ ಮೆದುಳಿಗೆ ಎಲ್ಲಿಂದ ಸಿಕ್ಕಿತು ಎಂದು ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ನಮ್ಮನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಗುತ್ತಿಗೆ ಕಂಪನಿಯಿಂದ ಕಾಗದ ಬಂತು. ಸುರಕ್ಷತೆಯ ನಿಯಮವನ್ನು ನಾನು ಗೊತ್ತಿದ್ದೂ ಮೀರಿದ್ದರಿಂದ ಪರಿಹಾರ ಕೊಡಲಾಗುವುದಿಲ್ಲ, ಇದನ್ನು ನಾನೇ ಒಪ್ಪಿದ್ದೇನೆ ಎಂದು ಅದರಲ್ಲಿತ್ತು. ಜೊತೆಗೆ ನನ್ನ ಹೇಳಿಕೆಯ ನಕಲು. ಅವಸರದಲ್ಲಿದ್ದೆ, ಏಣಿಯನ್ನು ಪರೀಕ್ಷಿಸಲಿಲ್ಲ, ಅರ್ಧ ಹತ್ತಿದ ಮೇಲೆ ಮೆಟ್ಟಿಲು ಹಿಡಿದಿದ್ದ ಕೈ ಜಾರಿತು, ಎಡಗಾಲು ತಪ್ಪಿತು, ಬಿದ್ದೆ. ನಾನು ಎಲ್ಲರಿಗೂ ಹೇಳುತ್ತಿದ್ದ ಮಾತೇ, ಅದೇ ಪದಗಳು. ಅಂಥದೊಂದು ಹೇಳಿಕೆ ಕೊಟ್ಟ ನೆನಪು ನನಗಿರಲಿಲ್ಲ. ಆದರೆ ಅದರಲ್ಲಿ ಸುಳ್ಳೇನೂ ಇಲ್ಲವಲ್ಲ ಎಂದು ಸುಮ್ಮನಾದೆ. ಕೆಲಸ ಹೋಗಿತ್ತು, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು, ಭಾಗ್ಯ ತವರಿನವರ ಮುಂದೆ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದಳು. ಇದೆಲ್ಲ ನನ್ನ ಒಂದು ನಿಮಿಷದ ಅವಸರದ ಫಲ. ಆ ಯೋಚನೆಯನ್ನು ಹೊತ್ತು ಮಲಗುವುದು ಪಕ್ಕೆಲುಬಿನ ನೋವಿಗಿಂತ ಕಷ್ಟವಾಗಿತ್ತು. ಭಾಗ್ಯ ಒಂದೇ ಒಂದು ಸಲ, ನಿಮಗೆ ಯಾವಾಗಲೂ ಆತುರ ಎಂದಿದ್ದಳು. ಅಂದದ್ದಕ್ಕೆ ಅವಳೇ ಆಮೇಲೆ ಅತ್ತಳು.

ಕಾಗದ ನೋಡಿ ಸುಮ್ಮನಿರದವನು ನನ್ನ ಅಣ್ಣ ತಿಮ್ಮೇಗೌಡ. ಹಿರೀಸಾವೆಯಲ್ಲಿ ಹೆದ್ದಾರಿ ಪಕ್ಕ ಹೋಟೆಲ್ ಇಟ್ಟಿದ್ದಾನೆ, ನಿತ್ಯ ನೂರು ಜನರ ಕಷ್ಟಸುಖ ಕೇಳುವವನು. ಲಾಯರ್ ಸುಮಂಗಲಾ ಎನ್ನುವವರ ಹತ್ತಿರ ನನ್ನನ್ನೂ ಭಾಗ್ಯಳನ್ನೂ ಕರೆದುಕೊಂಡು ಹೋದ. ಅರಕಲಗೂಡಿನವರು, ಹಾಸನದಲ್ಲಿ ಆಫೀಸು. ಟ್ರ್ಯಾಕ್ಟರಿಂದ ಬಿದ್ದವರು, ಜೋಳದ ಯಂತ್ರಕ್ಕೆ ಕೈ ಕೊಟ್ಟವರು, ಇಂಥವರ ಪರಿಹಾರದ ಕೇಸುಗಳನ್ನೇ ನಡೆಸುವವರು. ಸಮುದ್ರವನ್ನು ಟಿವಿಯಲ್ಲಿ ಮಾತ್ರ ನೋಡಿದ್ದೇನೆ ಎಂದು ಮೊದಲೇ ಒಪ್ಪಿಕೊಂಡರು. ನಾವಿರುವ ಊರಿನಲ್ಲೇ ಅರ್ಜಿ ಹಾಕಬಹುದು, ಬಂದರಿನ ತನಕ ಅಲೆಯಬೇಕಾಗಿಲ್ಲ ಎಂದು ತಿಳಿಸಿದ್ದೂ ಅವರೇ.

ಗೊತ್ತಿಲ್ಲದ ವಿಷಯವಾದ್ದರಿಂದ ಅವರು ಎಲ್ಲವನ್ನೂ ಚಿಕ್ಕಮಕ್ಕಳ ಹಾಗೆ ಕೇಳಿದರು. ಬೀಳುವಾಗ ಏನು ಕಂಡಿತು ಹೇಳಿ ಎಂದರು. ನಾನು ಕಣ್ಣು ಮುಚ್ಚಿ ಹೇಳಿದೆ. ಕಪ್ಪು ಗೋಡೆಯಂಥ ಹಡಗು, ಅದರ ಮೇಲೆ ಏಣಿ, ಏಣಿಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟಿನ ಬೆನ್ನು, ಮೆಟ್ಟಿಲನ್ನು ಹಿಡಿದ ಎರಡು ಕೈ, ಆಮೇಲೆ ತಪ್ಪುವ ಎಡಗಾಲು.

ಸುಮಂಗಲಾ ಪೆನ್ನು ಕೆಳಗಿಟ್ಟರು. "ಒಂದ್ ವಿಷ್ಯ ಹೇಳಿ ಸಾ. ಆ ಜಾಕೆಟ್ಟು ಹಾಕ್ಕಂಡಿದ್ದೋರು ಯಾರು?"

ನಾನೇ ಎಂದೆ.

"ಹಂಗಾರೆ ನಿಮ್ ಬೆನ್ನು ನಿಮ್ಗೆ ಎಲ್ಲಿಂದ ಕಾಣ್ತು?"

ಇಷ್ಟು ದಿನ ಕಣ್ಣ ಮುಂದೆ ಇದ್ದ ಚಿತ್ರವನ್ನು ನಾನು ಮತ್ತೆ ನೋಡಿದೆ. ಅದರಲ್ಲಿ ನಾನು ಏಣಿಯ ಮೇಲಿರಲಿಲ್ಲ. ಏಣಿಯ ಮೇಲಿದ್ದವನನ್ನು ಕೆಳಗಿನಿಂದ ನೋಡುತ್ತಿದ್ದೆ. ಅವನ ಮುಖ ಒಂದು ಸಲವೂ ನನಗೆ ಕಂಡಿರಲಿಲ್ಲ.

ಅವರು ಅಷ್ಟಕ್ಕೇ ಬಿಡಲಿಲ್ಲ. ಮೇಲಿನ ಕಪಾಟಿನ ಫೈಲು ತೆಗೆಯಲು ಆಫೀಸಿನಲ್ಲಿ ಒಂದು ಮರದ ಏಣಿ ಇತ್ತು. ಹೇಗೆ ಹತ್ತುತ್ತೀರಿ ತೋರಿಸಿ ಎಂದರು. ಅಣ್ಣ ಹಿಂದೆ ನಿಂತು ನನ್ನ ಸೊಂಟ ಹಿಡಿದುಕೊಂಡ. ನೆಲ ತೂಗುತ್ತಿತ್ತು. ಹೇಗೋ ಎರಡು ಮೆಟ್ಟಿಲು ಹತ್ತಿದೆ, ಮೂರನೆಯದಕ್ಕೆ ಆಗಲಿಲ್ಲ. ಇಳಿದಾಗ ಸುಮಂಗಲಾ ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ನಮ್ಮಲ್ಲಿ ಎಲ್ಲರೂ ಏಣಿ ಹತ್ತುವಾಗ ಅಡ್ಡಪಟ್ಟಿ ಹಿಡಿಯುತ್ತಾರೆ, ನೀವೇಕೆ ಪಕ್ಕದ ಗಳು ಹಿಡಿದಿರಿ ಎಂದು ಕೇಳಿದರು.

ಪೈಲಟ್ ಯಾವತ್ತೂ ಮೆಟ್ಟಿಲು ಹಿಡಿಯುವುದಿಲ್ಲ. ಮೊದಲನೆಯ ದಿನ ಕಲಿಸುವ ಪಾಠವೇ ಅದು. ಹಲಗೆ ಒದ್ದೆಯಾಗಿರುತ್ತದೆ, ಮುರಿಯಬಹುದು, ತಿರುಗಬಹುದು. ಕೈ ಯಾವಾಗಲೂ ಪಕ್ಕದ ಹಗ್ಗದ ಮೇಲಿರಬೇಕು, ಮೆಟ್ಟಿಲು ಇರುವುದು ಕಾಲಿಗೆ ಮಾತ್ರ. ಹದಿನಾಲ್ಕು ವರ್ಷದಲ್ಲಿ, ಮಾವನ ಮನೆಯ ಅಟ್ಟ ಹತ್ತುವಾಗಲೂ, ನಾನು ಮೆಟ್ಟಿಲು ಹಿಡಿದವನಲ್ಲ. ಇದನ್ನು ವಿವರಿಸುತ್ತ ವಿವರಿಸುತ್ತ ನನಗೇ ಹೊಳೆಯಿತು. ನನ್ನ ತಲೆಯೊಳಗೆ ಇದ್ದ ಆ ಬೀಳುವಿಕೆಯನ್ನು ಕಟ್ಟಿದವನು ಜೀವನದಲ್ಲಿ ಒಂದು ಸಲವೂ ಹಗ್ಗದ ಏಣಿ ಹತ್ತಿದವನಲ್ಲ.

ಸುಮಂಗಲಾ ಹೇಳಿಕೆಯ ನಕಲನ್ನು ತಿರುಗಿಸಿ ತೋರಿಸಿದರು. ಕೆಳಗೆ ಸಹಿ ಇರಲಿಲ್ಲ, ಹೆಬ್ಬೆಟ್ಟಿನ ಗುರುತಿತ್ತು. ಇಷ್ಟು ಓದಿದವರು ಹೆಬ್ಬೆಟ್ಟು ಏಕೆ ಒತ್ತಿದಿರಿ ಎಂದರು. ನಾನು ಆ ಗುರುತನ್ನು ಗಮನಿಸಿಯೇ ಇರಲಿಲ್ಲ. ಆಗ ಭಾಗ್ಯ, ಅದುವರೆಗೆ ಬಾಯಿ ಬಿಡದೆ ಕೂತಿದ್ದವಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿಮ್ ಹೆಬ್ಬೆಟ್ಟಲ್ಲಿ ನೀಲಿ ಇತ್ತು ಕಣ್ರೀ. ಆಸ್ಪತ್ರೆಯೋರು ಯಾವ್ದೋ ಫಾರಮ್ಮಿಗೆ ಒತ್ತಿಸ್ಕಂಡಿರ್ಬೇಕು ಅಂತ ಸೋಪಾಕಿ ತೊಳ್ದೆ."

ಆಮೇಲೆ ಒಂದೊಂದಾಗಿ ಹೇಳಿದಳು. ಕರಾವಳಿಯ ಆಸ್ಪತ್ರೆಯಲ್ಲಿ, ಸಂಜೆ ನಾಲ್ಕಕ್ಕೆ ನೋಡುವವರನ್ನು ಒಳಗೆ ಬಿಡುವ ಹೊತ್ತಿಗೆ, ಬಿಳಿ ಅಂಗಿಯವರೊಬ್ಬರು ಬರುತ್ತಿದ್ದರು. ಎಳನೀರು ತರುತ್ತಿದ್ದರು. ಮಂಚದ ಎಡಗಡೆ ಕುರ್ಚಿ ಎಳೆದು ಕೂರುತ್ತಿದ್ದರು. ಬಂದರಿನಲ್ಲಿ ಜೊತೆಗೆ ಕೆಲಸ ಮಾಡುವವರು ಎಂದುಕೊಂಡಿದ್ದಳು. ಬಹಳ ಮೆತ್ತಗೆ, ಬಹಳ ಮರ್ಯಾದೆಯಾಗಿ ಮಾತಾಡುತ್ತಿದ್ದರು, ನೀವು ಹೋಗಿ ಕಾಫಿ ಕುಡಿದು ಬನ್ನಿ ಅಮ್ಮ, ನಾನಿದ್ದೇನೆ ಎನ್ನುತ್ತಿದ್ದರು. ದಿನವಿಡೀ ಒಬ್ಬಳೇ ಇರುತ್ತಿದ್ದ ಇವಳು ಕೈಮುಗಿದು ಹೋಗುತ್ತಿದ್ದಳು. ಹಾಗೆ ನಾಲ್ಕು ದಿನ. ಐದನೆಯ ದಿನದಿಂದ ಆತ ಬರಲಿಲ್ಲ. ಹೆಸರು ಕೇಳಬೇಕೆಂದು ಇವಳಿಗೆ ತೋಚಿರಲಿಲ್ಲ.

ನನ್ನ ಜೊತೆಯವರಲ್ಲಿ ಅಂಥವರು ಯಾರೂ ಇಲ್ಲ. ಆ ಮನುಷ್ಯ ಯಾರು, ಯಾರು ಕಳಿಸಿದವನು ಎಂದು ಇವತ್ತಿಗೂ ಪತ್ತೆಯಾಗಿಲ್ಲ. ಆತನ ಮುಖ ನನಗೆ ಗೊತ್ತಿಲ್ಲ. ದನಿ ಮಾತ್ರ ಗೊತ್ತು. ಅಲ್ವಾ ಸರ್, ಅಲ್ವಾ ಸರ್ ಎಂದು ಕೇಳಿ ಕೇಳಿ, ಅರೆ ಎಚ್ಚರದಲ್ಲಿದ್ದವನ ತಲೆಯೊಳಗೆ ಒಂದು ಅಪಘಾತವನ್ನೇ ಇಟ್ಟು ಹೋಗಿದ್ದ. ನನ್ನ ಜಾಗದಲ್ಲಿ ನಿಂತು ಯೋಚಿಸಿ. ಮನೆಗೆ ಕಳ್ಳ ನುಗ್ಗಿದರೆ ಏನು ಹೋಯಿತು ಎಂದು ನೋಡಿಕೊಳ್ಳಬಹುದು. ಇವನು ಏನನ್ನೂ ಒಯ್ದಿರಲಿಲ್ಲ, ತಂದಿಟ್ಟಿದ್ದ. ಇನ್ನೇನೇನು ತಂದಿಟ್ಟಿದ್ದಾನೋ ಎಂದು ನಾನು ನನ್ನ ಬಾಲ್ಯದ ನೆನಪುಗಳನ್ನೆಲ್ಲ ಅಣ್ಣನ ಹತ್ತಿರ ಒಂದೊಂದಾಗಿ ಕೇಳಿ ಖಚಿತ ಮಾಡಿಕೊಂಡೆ. ಅಣ್ಣ ತಾಳ್ಮೆಯಿಂದ, ಹೌದು, ಅದು ನಡೆದದ್ದೇ ಎಂದು ಹೇಳುತ್ತಿದ್ದ.

ಅಣ್ಣನಿಗೆ ಮುಂದಿನ ದಾರಿ ಬಹಳ ಸಲೀಸಾಗಿ ಕಂಡಿತು. "ಅಗ್ಗ ಕಿತ್ತೋಯ್ತು ಅಂದ್ಬುಡು ಕಣ್ಲಾ. ನಿಂದೇನೂ ತಪ್ಪಿಲ್ಲ ಅಂದ್ಮ್ಯಾಲೆ ಇನ್ನೇನಾಗಿರ್ತದೆ? ಆ ಅಡಗು ಬಂದು ಸಾಕ್ಷಿ ಯೇಳ್ತದಾ?"

ನಕ್ಕು ಬಿಟ್ಟೆ. ಆದರೆ ಒಂದು ವಾರದೊಳಗೆ ನನಗೆ ಹಗ್ಗ ಕಿತ್ತುಹೋದದ್ದು ನೆನಪಾಗತೊಡಗಿತು. ಎಳೆ ಎಳೆಯಾಗಿ ಬಿಚ್ಚುವುದು, ಟಪ್ಪೆನ್ನುವ ಸದ್ದು, ಏಣಿ ಓರೆಯಾಗುವುದು, ಎಲ್ಲ ಕಣ್ಣಿಗೆ ಕಟ್ಟಿತು. ಖುಷಿಯಿಂದ ಎದ್ದು ಕೂತೆ. ಆಮೇಲೆ ಇನ್ನೊಮ್ಮೆ ನೋಡಿದೆ. ಈ ಚಿತ್ರದಲ್ಲೂ ಕಾಣುತ್ತಿದ್ದದ್ದು ಕಿತ್ತಳೆ ಜಾಕೆಟ್ಟಿನ ಬೆನ್ನೇ.

ಆಗ ಆದಷ್ಟು ಭಯ ನನಗೆ ಆ ದನಿಯಿಂದಲೂ ಆಗಿರಲಿಲ್ಲ. ಯಾರು ಏನು ಹೇಳಿದರೂ ನನ್ನ ತಲೆ ಅದನ್ನು ಕೂರಿಸಿಕೊಂಡು ನನ್ನದೇ ಎಂದು ತೋರಿಸುತ್ತಿತ್ತು. ಆ ಬಿಳಿ ಅಂಗಿಯವನು ಬಿಟ್ಟುಹೋದ ಕುರ್ಚಿಯಲ್ಲಿ ಈಗ ನನ್ನ ಸ್ವಂತ ಅಣ್ಣ ಬಂದು ಕೂತಿದ್ದ. ನಾನು ಸುಮಂಗಲಾ ಅವರಿಗೆ ಹೇಳಿಬಿಟ್ಟೆ. ಹಗ್ಗ ಕಿತ್ತಿರಬಹುದು, ಕಿತ್ತಿಲ್ಲದೆಯೂ ಇರಬಹುದು, ಪ್ರಮಾಣ ಮಾಡಿ ಅದನ್ನು ಮಾತ್ರ ಹೇಳಲಾರೆ. ಅವರಿಗೆ ಬೇಸರವಾಯಿತು, ಮುಚ್ಚಿಡಲಿಲ್ಲ. ಹಾಗಾದರೆ ನೆನಪಿಲ್ಲ ಅಂತಲೇ ಹೇಳಿ, ಕಂಡವರು ಯಾರಿದ್ದಾರೆ ಅದನ್ನು ಹುಡುಕೋಣ ಎಂದರು.

ಕಂಡವನು ಮೋನಪ್ಪ. ನನ್ನ ಫೋನು ಸಮುದ್ರದ ಪಾಲಾಗಿತ್ತು, ಅದರ ಜೊತೆ ಎಲ್ಲರ ನಂಬರುಗಳೂ. ನಿಜ ಹೇಳಬೇಕೆಂದರೆ ನಾನೂ ಅವನನ್ನು ಹುಡುಕಿರಲಿಲ್ಲ. ಅವಸರ ಮಾಡಿ ಬಿದ್ದ ಪೈಲಟ್ ಯಾವ ಮುಖ ಇಟ್ಟುಕೊಂಡು ಲಾಂಚಿನವನ ಜೊತೆ ಮಾತಾಡುತ್ತಾನೆ? ಭಾಗ್ಯ ಹುಡುಕಿದಳು. ಬಂದರಿನ ಮನೆಗಳಲ್ಲಿ ಪರಿಚಯವಿದ್ದ ಹೆಂಗಸರಿಗೆ ಒಬ್ಬರಾದ ಮೇಲೊಬ್ಬರಿಗೆ ಫೋನು ಮಾಡಿ ಹದಿನೈದು ದಿನದಲ್ಲಿ ಪತ್ತೆ ಹಚ್ಚಿದಳು. ಆ ಘಟನೆಯಾದ ತಿಂಗಳಲ್ಲೇ ಅವನನ್ನು ಬೇರೆ ಬಂದರಿಗೆ ಕಳಿಸಿದ್ದರಂತೆ. ಬರುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟನಂತೆ.

ವಿಚಾರಣೆ ಹಾಸನದಲ್ಲಿ, ಒಂದು ಸಾಧಾರಣ ಸರ್ಕಾರಿ ಕೋಣೆಯಲ್ಲಿ. ಪರಿಹಾರದ ಅರ್ಜಿ ವಿಚಾರಿಸುವ ಅಧಿಕಾರಿ, ಒಬ್ಬ ಟೈಪಿಸ್ಟ್, ಕಂಪನಿಯ ಪರ ವಕೀಲರು, ಹಿಂದಿನ ಬೆಂಚಿನಲ್ಲಿ ಅಣ್ಣ ಮತ್ತು ಭಾಗ್ಯ. ಮೊದಲು ನನ್ನನ್ನು ಕರೆದರು. ಕಂಪನಿಯ ವಕೀಲರು ಹೇಳಿಕೆಯನ್ನು ಓದಿ, ಇದು ನಿಮ್ಮ ಮಾತಲ್ಲವೇ ಎಂದರು. ಮನೆಯ ಹಜಾರದಲ್ಲಿ ಕೇಳಿದ್ದ ಪ್ರಶ್ನೆಯೇ. ಹೂಂ ಎನ್ನಲು ಬಾಯಿ ತೆರೆದೇಬಿಟ್ಟಿದ್ದೆ. ಅಲ್ಲ, ಇದು ನನ್ನ ಬಾಯಲ್ಲಿ ಬಂದ ಇನ್ನೊಬ್ಬರ ಮಾತು, ಏನಾಯಿತು ಎಂದು ನನಗೆ ನೆನಪಿಲ್ಲ ಎಂದೆ. ಹಗ್ಗ ಕಿತ್ತಿತೇ ಎಂದು ಅಧಿಕಾರಿಯೇ ಕೇಳಿದರು. ಹಿಂದೆ ಅಣ್ಣ ಕೆಮ್ಮಿದ. ನೆನಪಿಲ್ಲ ಸ್ವಾಮಿ ಎಂದೆ.

ಆಮೇಲೆ ಮೋನಪ್ಪ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಕಂಕುಳಲ್ಲಿ ಪೇಪರು ಸುತ್ತಿದ ಒಂದು ಪೊಟ್ಟಣ. ನನ್ನ ಕಡೆ ನೋಡಲಿಲ್ಲ. ಇವರು ಬಿದ್ದಾಗ ನೀವು ಎಲ್ಲಿದ್ದಿರಿ ಎಂದು ಸುಮಂಗಲಾ ಕೇಳಿದರು.

"ಬಿದ್ದದ್ದಾ?" ಎಂದ ಮೋನಪ್ಪ. "ಸಾಹೇಬ್ರು ಬೀಳ್ಲೇ ಇಲ್ಲವಲ್ಲ."

ಟೈಪಿಸ್ಟ್ ತಲೆಯೆತ್ತಿದರು. ಅಧಿಕಾರಿ ಇನ್ನೊಮ್ಮೆ ಹೇಳಿ ಎಂದರು. ಮೋನಪ್ಪ ನಿಧಾನವಾಗಿ ಹೇಳಿದ. ಹತ್ತುವ ಮೊದಲು ನಾನು ಏಣಿಯನ್ನು ಎರಡು ಸಲ ಜಗ್ಗಿ ನೋಡಿದ್ದೆ, ಯಾವಾಗಲೂ ನೋಡುವ ಹಾಗೆ. ಅರ್ಧ ಹತ್ತಿದ ಮೇಲೆ ಒಂದು ಬದಿಯ ಹಗ್ಗ ನನ್ನ ತಲೆಯ ಮೇಲ್ಗಡೆ ತುಂಡಾಯಿತು. ಏಣಿ ತಿರುಚಿಕೊಂಡು ಕೆಳಗೆ ಬೀಸಿತು, ನನ್ನ ತಲೆ ಮತ್ತು ಭುಜ ಲಾಂಚಿನ ಕಂಬಿಗೆ ಬಡಿದವು. ಪ್ರಜ್ಞೆ ಹೋಯಿತು. ಆದರೆ ತುಂಡಾದ ಹಗ್ಗ ನನ್ನ ಮೊಣಕೈಗೆ ಸುತ್ತಿಕೊಂಡಿತ್ತು, ಅದನ್ನು ನಾನು ಮುಷ್ಟಿಯಲ್ಲಿ ಹಿಡಿದೇ ಇದ್ದೆ. ಹಡಗು ಚಲಿಸುತ್ತಿತ್ತು, ಇನ್ನೊಂದು ಅಲೆ ಬಂದರೆ ನಾನು ಹಡಗಿಗೂ ಲಾಂಚಿಗೂ ನಡುವೆ ನುಜ್ಜುಗುಜ್ಜು. ಅವನು ಬೆರಳು ಬಿಡಿಸಲು ನೋಡಿದ, ಆಗಲಿಲ್ಲ. ಚಾಕುವಿನಿಂದ ಹಗ್ಗವನ್ನೇ ಕೊಯ್ದು ನನ್ನನ್ನು ಎಳೆದುಕೊಂಡ.

ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟ. ಎರಡು ಮೊಳದಷ್ಟು ಹಗ್ಗ. ಒಂದು ತುದಿ ಚಾಕುವಿನಲ್ಲಿ ಕೊಯ್ದದ್ದು, ನೀಟಾಗಿತ್ತು. ಇನ್ನೊಂದು ತುದಿಯನ್ನು ಅಧಿಕಾರಿ ಬೆರಳಲ್ಲಿ ಮುಟ್ಟಿದರು, ಎಳೆಗಳು ಪುಡಿಪುಡಿಯಾಗಿ ಕಾಗದದ ಮೇಲೆ ಉದುರಿದವು. ಇಷ್ಟು ದಿನ ಇದನ್ನು ಏಕೆ ತರಲಿಲ್ಲ ಎಂದು ಕಂಪನಿಯ ವಕೀಲರು ಗದರಿದರು. ಹಗ್ಗ ಕೊಯ್ದದ್ದು ನಾನು, ನನ್ನ ಮೇಲೆ ಬರುತ್ತದೋ ಎಂದು ಹೆದರಿಕೆಯಿತ್ತು, ಮತ್ತೆ ಯಾರೂ ಕೇಳಲಿಲ್ಲ ಎಂದ ಮೋನಪ್ಪ.

ಆದೇಶ ನಮ್ಮ ಪರವಾಗಿ ಬಂತು. ಅದರಿಂದ ಮಕ್ಕಳ ಓದು ನಡೆಯುತ್ತಿದೆ, ಔಷಧಿ ನಡೆಯುತ್ತಿದೆ. ನೆಲ ಈಗಲೂ ತೂಗುತ್ತದೆ, ಮತ್ತೆ ಏಣಿ ಹತ್ತುವ ಯೋಗವಿಲ್ಲ. ಆ ದಿನ ನನಗೆ ನೆನಪಿಗೆ ಬಂದೂ ಇಲ್ಲ, ಬರಲಿ ಎಂದು ನಾನು ಒತ್ತಾಯ ಮಾಡುವುದೂ ಇಲ್ಲ. ಆಸ್ಪತ್ರೆಯಲ್ಲಿ ಮಲಗಿರುವವರಿಗೂ ಅವರ ಮನೆಯವರಿಗೂ ನಾನು ಹೇಳಬೇಕಾದದ್ದು ಇಷ್ಟೇ. ಮಂಚದ ಪಕ್ಕ ಬಂದು ಕೂರುವವರ ಹೆಸರು ಕೇಳಿ.

ವಿಚಾರಣೆಯ ದಿನ ಹೊರಗೆ ಕ್ಯಾಂಟೀನಿನಲ್ಲಿ ನಾನು, ಭಾಗ್ಯ, ಮೋನಪ್ಪ ಚಹಾ ಕುಡಿದೆವು. ಭಾಗ್ಯ ಎಷ್ಟೋ ತಿಂಗಳ ಮೇಲೆ ನನ್ನ ಎಡಗಡೆ ಕೂತಿದ್ದಳು. ನಾನು ಮೋನಪ್ಪನನ್ನು ಕೇಳಿದೆ, ಆಗ ನಾನು ಏನಾದರೂ ಅಂದೆನೇ ಎಂದು. ಅವನು ಲೋಟ ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದ.

"ಇಲ್ಲ ಸಾಹೇಬ್ರೆ. ಮಾತಾಡಿದ್ದೆಲ್ಲ ನಾನೇ. ಬಿಡಿ, ಕೈ ಬಿಡಿ ಅಂತ ಕಿವಿ ಹತ್ರ ಬೊಬ್ಬೆ ಹಾಕಿದೆ. ನೀವು ಕೇಳ್ಲಿಲ್ಲ."